ಕೂಗಳತೆ

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ 'ಕಾಣೆಯಾಗಿದ್ದಾರೆ' ಎಂಬ ಹೆಸರಿನ ಕಡತವೊಂದಿದೆ. ಹೊಸದಾಗಿ ಯಾರಾದರೂ ಬಂದಾಗ ಅದನ್ನೇ ತೆರೆದು ಹಳೆಯ ಹೆಸರು ಅಳಿಸಿ ಹೊಸ ಹೆಸರು ತುಂಬುತ್ತೇನೆ. ವಯಸ್ಸು, ಎತ್ತರ, ಚಹರೆ, ಧರಿಸಿದ್ದ ಬಟ್ಟೆ, ಮಾತನಾಡುವ ಭಾಷೆ. ಚಹರೆಯ ಜಾಗದಲ್ಲಿ ಬಹಳ ಸಲ ಅಳಿಸುವ ಕೆಲಸವೇ ಇರುವುದಿಲ್ಲ. 'ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು.' ಪತ್ರಿಕೆಯ ಮೂಲೆಯಲ್ಲಿ ಬರುವ ಪ್ರಕಟಣೆಗಳನ್ನು ಓದಿ ಓದಿ ನಾವೆಲ್ಲ ಕಲಿತ ಭಾಷೆ ಇದು. ಕೊಡಗಿನ ನಮ್ಮ ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ಸಂತೆಯ ದಿನ ನಿಂತು ನೋಡಿದರೆ ಮುಕ್ಕಾಲು ಪಾಲು ಜನ ಇದೇ ಚಹರೆಯವರು. ನಾನೂ ಸೇರಿ.

ಜೆರಾಕ್ಸ್ ಅಂಗಡಿಗೆ ಇಂಥ ಕೆಲಸ ಬರುವುದು ಅಪರೂಪ. ಪಹಣಿ, ಆಧಾರ್, ಮದುವೆಯ ಬಯೋಡೇಟಾ, ಶಾಲೆಯ ಪ್ರಾಜೆಕ್ಟ್ ಇವುಗಳಲ್ಲೇ ದಿನ ಕಳೆಯುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಯಾರಾದರೂ ಬಾಗಿಲಲ್ಲಿ ನಿಂತು, ಸರತಿಯಲ್ಲಿದ್ದವರನ್ನು ನೋಡಿ, ಏನೂ ಹೇಳದೆ ಮೊಬೈಲ್ ಮುಂದೆ ಚಾಚುತ್ತಾರೆ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಸರತಿಯವರೂ ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ.

2019ರ ಜೂನ್‌ನಲ್ಲಿ ಹಾಗೆ ಬಂದವರು ಕಾಫಿ ತೋಟವೊಂದರ ರೈಟರ್, ಎಂದರೆ ತೋಟದ ಲೆಕ್ಕ ಬರೆಯುವವರು. ಮಳೆ ಹಿಡಿದು ವಾರವಾಗಿತ್ತು, ಕರೆಂಟು ಇರಲಿಲ್ಲ, ಬ್ಯಾಟರಿಯ ಮೇಲೆ ಒಂದೇ ಕಂಪ್ಯೂಟರ್ ನಡೆಯುತ್ತಿತ್ತು. ಅವರು ಕೊಡೆಯನ್ನು ಮಡಚುವುದನ್ನೂ ಮರೆತು ಒಳಗೆ ಬಂದರು. ಒಂಬತ್ತನೇ ತರಗತಿಯ ಮಗ ಬೆಳಿಗ್ಗೆ ಶಾಲೆಗೆಂದು ಹೊರಟವನು ಶಾಲೆಗೆ ಹೋಗಿರಲಿಲ್ಲ. ಸಂಜೆ ಬಸ್ಸಿನಿಂದ ಇಳಿಯದಿದ್ದಾಗ ಗೊತ್ತಾಗಿದೆ. (ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ತೋಟ ಯಾವುದೆಂದು ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.)

ಅವರ ಮೊಬೈಲಿನಲ್ಲಿ ಮಗನ ಒಂದೇ ಒಂದು ಒಳ್ಳೆಯ ಫೋಟೊ ಇತ್ತು. ಚಿಕ್ಕಪ್ಪನ ಮದುವೆಯದು. ಯಾರದೋ ಕೋಟು ಹಾಕಿಸಿದ್ದರು. ತೋಳು ಬೆರಳಿನ ತುದಿ ಮುಟ್ಟುತ್ತಿತ್ತು, ಟೈ ಓರೆಯಾಗಿತ್ತು. ನಾನು ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿದೆ. ಎಷ್ಟು ಕತ್ತರಿಸಿದರೂ ಕಾಲರಿನ ತುದಿ, ಟೈನ ಗಂಟು ಉಳಿದವು. ಕೆಳಗೆ 'ಶಾಲಾ ಸಮವಸ್ತ್ರ ಧರಿಸಿರುತ್ತಾನೆ' ಎಂದು ಬರೆದೆ. ಮರುದಿನ ಬೆಳಿಗ್ಗೆ ಮೂರು ಜನ ನನ್ನನ್ನು ಕೇಳಿದರು: "ಆ ಕೋಟು ಹಾಕಿದ ಹುಡುಗ ಸಿಕ್ಕಿದನೇ?" ಜನ ಓದುವುದಿಲ್ಲ, ನೋಡುತ್ತಾರೆ. ನಾನು ಇಡೀ ತಾಲ್ಲೂಕನ್ನು ಕೋಟು ಹುಡುಕಲು ಕಳುಹಿಸಿದ್ದೆ.

"ಪೊಲೀಸರಿಗೆ ಹೇಳಿದಿರಾ?" ಎಂದು ಕೇಳಿದ್ದಕ್ಕೆ ಅವರು, "24 ಗಂಟೆ ಕಾಯಬೇಕಂತಲ್ಲಣ್ಣ, ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು" ಎಂದರು. ಆ ಯಾರೋ ನಮ್ಮ ಎಲ್ಲ ಊರುಗಳಲ್ಲೂ ಇರುತ್ತಾರೆ. ನನಗೂ ಆಗ ಅಷ್ಟೇ ಗೊತ್ತಿದ್ದುದು. ಸಿನಿಮಾ ನೋಡಿ ಕಲಿತ ಕಾನೂನು. ಆಮೇಲೆ ಓದಿ ತಿಳಿದುಕೊಂಡೆ: 2013ರ ಮೇ 10ರಂದೇ ಸುಪ್ರೀಂ ಕೋರ್ಟ್, ಬಚ್‌ಪನ್ ಬಚಾವೋ ಆಂದೋಲನ ಎಂಬ ಮಕ್ಕಳ ಹಕ್ಕುಗಳ ಸಂಸ್ಥೆಯ ಅರ್ಜಿಯ ಮೇಲೆ, ಮಗು ಕಾಣೆಯಾದ ಪ್ರತಿಯೊಂದು ದೂರನ್ನೂ ಎಫ್‌ಐಆರ್ ಆಗಿಯೇ ದಾಖಲಿಸಬೇಕು, ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ಶುರು ಮಾಡಬೇಕು ಎಂದು ಹೇಳಿದೆ. ಕಾಯುವ ಗಂಟೆ ಎಂಬುದೇ ಇಲ್ಲ. ಈಗ ಯಾರೇ ಬಂದರೂ ಪೋಸ್ಟರ್ ಮಾಡುವ ಮೊದಲು ಠಾಣೆಗೆ ಕಳುಹಿಸುತ್ತೇನೆ, ಮಕ್ಕಳ ಸಹಾಯವಾಣಿ 1098ಕ್ಕೆ ನಾನೇ ಕರೆ ಮಾಡುತ್ತೇನೆ. ಅಂದು ರೈಟರನ್ನು ಠಾಣೆಗೆ ಕಳುಹಿಸಿದ್ದು ನನ್ನ ತಿಳಿವಳಿಕೆಯಲ್ಲ. ಪಕ್ಕದ ಬೇಕರಿಯ ಇಕ್ಕ (ಮಲಯಾಳದಲ್ಲಿ ಅಣ್ಣ ಎಂದು ಕರೆಯುವ ಮಾತು) ಗದರಿಸಿ ಎಬ್ಬಿಸಿದ್ದು.

ನಾನು ಮಾಡಿದ್ದು ನನಗೆ ಗೊತ್ತಿದ್ದ ಕೆಲಸ. ನಮ್ಮ ಊರಿನ ವಾಟ್ಸ್‌ಆಪ್ ಗುಂಪಿಗೆ ನಾನೇ ಅಡ್ಮಿನ್. ಆಗ ಒಂದು ಗುಂಪಿಗೆ 256 ಜನರ ಮಿತಿ, ನಮ್ಮದು ತುಂಬಿ ತುಳುಕುತ್ತಿತ್ತು. ಫೋಟೊ ಹಾಕಿ, ತಂದೆಯ ಮೊಬೈಲ್ ಸಂಖ್ಯೆ ಹಾಕಿ, 'ದಯವಿಟ್ಟು ಎಲ್ಲ ಗುಂಪುಗಳಿಗೂ ಶೇರ್ ಮಾಡಿ' ಎಂದು ಬರೆದೆ. ರಾತ್ರಿ ಒಂಬತ್ತಕ್ಕೆ ದುಬೈಯಲ್ಲಿರುವ ನನ್ನ ಭಾವ ಅದೇ ಫೋಟೊವನ್ನು ನನಗೇ ಕಳುಹಿಸಿ, "ನಿಮ್ಮ ಕಡೆಯ ಹುಡುಗನಂತೆ, ನೋಡು" ಎಂದ. ಸುಳ್ಳು ಏಕೆ ಹೇಳಲಿ, ಆ ಕ್ಷಣ ಎದೆ ಉಬ್ಬಿತು. ಮೂರೂವರೆ ಗಂಟೆಯಲ್ಲಿ ಸಮುದ್ರ ದಾಟಿಸಿದ್ದೆ.

ಹುಡುಗ ಇದ್ದದ್ದು ಮಾನಂದವಾಡಿಯಲ್ಲಿ.

ಕೊಡಗಿಗೆ ರೈಲಿಲ್ಲ. ಇಲ್ಲಿಂದ ಓಡಿಹೋಗುವ ಮಗು ಬಸ್ಸಿನಲ್ಲೇ ಹೋಗಬೇಕು. ನಮ್ಮ ತಲೆಯಲ್ಲಿ ಬಸ್ಸೆಂದರೆ ಮೈಸೂರು, ಬೆಂಗಳೂರು. ಹುಡುಗ ಕುಟ್ಟದ ಬಸ್ಸು ಹತ್ತಿದ್ದ. ಕುಟ್ಟದಿಂದ ಗಡಿ ದಾಟಿದರೆ ಕೇರಳದ ತೋಲ್ಪೆಟ್ಟಿ, ಅಲ್ಲಿಂದ ಕಾಡಿನ ರಸ್ತೆ, ಮಾನಂದವಾಡಿ. ಕುಟ್ಟದವರಿಗೆ ಮಡಿಕೇರಿಗಿಂತ ಅದೇ ಹತ್ತಿರ. ನನ್ನ ಕನ್ನಡದ ಪೋಸ್ಟರು ದುಬೈ ತಲುಪಿತ್ತು, ತೋಲ್ಪೆಟ್ಟಿಯ ಚೆಕ್‌ಪೋಸ್ಟ್ ದಾಟಿರಲಿಲ್ಲ. ದಾಟಿದ್ದರೂ ಓದುವವರು ಯಾರು?

ದಾಟಿಸಿದ್ದು ಇಕ್ಕ. ಠಾಣೆಯಿಂದ ಬಂದ ರೈಟರನ್ನು ಬೇಕರಿಯಲ್ಲಿ ಕೂರಿಸಿ ಚಹಾ ಕೊಟ್ಟರಂತೆ. ಕುಡಿಯುವಷ್ಟು ಹೊತ್ತು ಒಂದೊಂದೇ ಕೇಳಿದರಂತೆ. ಮಗನಿಗೆ ಮಲಯಾಳ ಬರುತ್ತದೆಯೇ, ಮೈಮೇಲೆ ಗುರುತು ಏನಾದರೂ ಇದೆಯೇ, ಚೀಲ ಯಾವ ಬಣ್ಣದ್ದು, ಕೈಯಲ್ಲಿ ಎಷ್ಟು ದುಡ್ಡಿರಬಹುದು. ಆಮೇಲೆ ಮೊಬೈಲ್ ಬಾಯಿಯ ಹತ್ತಿರ ಹಿಡಿದು ಮಲಯಾಳದಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಮಾಡಿ, ವಯನಾಡಿನಲ್ಲಿರುವ ತಂಗಿಯ ಮನೆಯವರಿಗೂ, ಆ ಕಡೆ ಬ್ರೆಡ್ಡು ಬನ್ನು ಹಾಕುವ ವ್ಯಾನಿನ ಚಾಲಕನಿಗೂ ಕಳುಹಿಸಿದರು. ಎಡಹುಬ್ಬಿನ ಮೇಲೆ ಸಣ್ಣ ಗಾಯದ ಗೆರೆ, ನೀಲಿ ಚೀಲ, ಮಲಯಾಳ ತಿಳಿಯುತ್ತದೆ ಆದರೆ ಮಾತನಾಡಲು ಬಾರದು. ಮರುದಿನ ಹನ್ನೊಂದರ ಹೊತ್ತಿಗೆ ಮಾನಂದವಾಡಿಯ ಹೋಟೆಲೊಂದರವರು, ತಟ್ಟೆ ತೊಳೆಯುವ ಕೆಲಸ ಕೊಡಿ ಎಂದು ಕೇಳಿಕೊಂಡು ಬಂದ ಹುಡುಗನ ಹುಬ್ಬು ನೋಡಿ, ಅವನಿಗೆ ಊಟಕ್ಕೆ ಬಡಿಸಿ, ಒಳಗಿನಿಂದ ಪೊಲೀಸರಿಗೆ ಫೋನ್ ಮಾಡಿದರು. ಆ ಗಾಯದ ಗೆರೆ ನನ್ನ ಪೋಸ್ಟರಿನಲ್ಲಿ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಕೂಗಳತೆ ಎಂದರೆ ದೂರದ ಅಳತೆ ಎಂದೇ ನಾನು ತಿಳಿದಿದ್ದೆ. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳುತ್ತದೆ, ಅಷ್ಟೇ ಅಂತ. ಕೇಳಿಸಿಕೊಂಡವನು ಎದ್ದು ಬರಬಲ್ಲ ದೂರ ಎಂಬುದು ಅದರೊಳಗೇ ಇದೆ. ನಮ್ಮ ನೆರೆಯ ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನು ಬೆನ್ನಿಗೆ ಎರಡು ಗುಂಡು ಹಾರಿಸುವ ಪದ್ಧತಿ. ಎರಡು ಕೇಳಿದರೆ ಗದ್ದೆಯಲ್ಲಿದ್ದವರು ಗುದ್ದಲಿ ಬಿಟ್ಟು ಹೊರಡುತ್ತಿದ್ದರು. ಗುಂಡಿನ ಸದ್ದು ಮುಟ್ಟಿದಷ್ಟು ದೂರಕ್ಕೇ ಹೆಗಲು ಕೊಡುವವರೂ ಇರುತ್ತಿದ್ದರು. ನನ್ನ ಸಂದೇಶ ಕೇಳಿಸಿಕೊಂಡ ಭಾವ ದುಬೈಯಿಂದ ಕೈಮುಗಿದ ಚಿತ್ರ ಕಳುಹಿಸಿದ. ಅವನು ಇನ್ನೇನು ತಾನೇ ಮಾಡಿಯಾನು?

ನಾನೇ ಒಮ್ಮೆ ಕಾಣೆಯಾಗಿದ್ದೆ, ಮಡಿಕೇರಿ ದಸರೆಯಲ್ಲಿ, ಆರು ವರ್ಷದವನಿದ್ದಾಗ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಒಂದರ ಹಿಂದೆ ಒಂದು ಹೊರಡುತ್ತವಲ್ಲ, ಯಾವುದೋ ಮಂಟಪದಲ್ಲಿ ರಾಕ್ಷಸನ ಬಾಯಿ ತೆರೆದು ಮುಚ್ಚುತ್ತಿತ್ತು, ಅದರ ಹಿಂದೆಯೇ ಹೋಗಿಬಿಟ್ಟೆ. ಅಳುತ್ತಿದ್ದ ನನ್ನನ್ನು ಯಾರೋ ಎತ್ತಿಕೊಂಡು ಮೈಕಿನ ಬಳಿ ಕೂರಿಸಿದರು. "ಹಸಿರು ಸ್ವೆಟರಿನ ಹುಡುಗ, ಕೈಯಲ್ಲಿ ಪೀಪಿ ಇದೆ, ಹೆಸರು ಕೇಳಿದರೆ ಹೇಳುತ್ತಿಲ್ಲ" ಎಂದು ಅವರು ನಾಲ್ಕು ಸಲ ಕೂಗಿದರು. ಐದನೆಯ ಸಲಕ್ಕೆ ಅಮ್ಮ ಬಂದರು. ಎರಡು ಏಟು, ಆಮೇಲೆ ಒಂದು ಪೊಟ್ಟಣ ಕಡಲೆ. ಬೆಳಗಾದ ಮೇಲೆ ಮೈಕಿನವರು ವೈರು ಸುತ್ತಿಕೊಂಡು ಮನೆಗೆ ಹೋದರು. ಮುಂದಿನ ದಸರೆಗೆ ಯಾರೂ ಹಸಿರು ಸ್ವೆಟರಿನ ಹುಡುಗ ಎಂದು ಕೂಗಲಿಲ್ಲ.

ಅಮೆರಿಕದವರು ಈ ಮೈಕನ್ನೇ ದೊಡ್ಡದಾಗಿ ಮಾಡಿಕೊಂಡಿದ್ದಾರೆ. 1996ರಲ್ಲಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಸೈಕಲ್ ಓಡಿಸುತ್ತಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಹೊತ್ತೊಯ್ದು ಕೊಂದ ಮೇಲೆ, ಆ ಭಾಗದ ರೇಡಿಯೊ ಕೇಂದ್ರಗಳೂ ಪೊಲೀಸರೂ ಸೇರಿ ಆ್ಯಂಬರ್ ಅಲರ್ಟ್ ಶುರು ಮಾಡಿದರು. ಆ್ಯಂಬರ್ ಆ ಹುಡುಗಿಯ ಹೆಸರು. ಪೊಲೀಸರು ಖಚಿತಪಡಿಸಿದ ಅಪಹರಣಕ್ಕೆ ಮಾತ್ರ ಅದು ಮೊಳಗುತ್ತದೆ. 2015ರ ಜನವರಿಯಲ್ಲಿ ಫೇಸ್‌ಬುಕ್ ಅದನ್ನು ಅಲ್ಲಿ ಅಳವಡಿಸಿಕೊಂಡಾಗಲೂ ಹುಡುಕಾಟ ನಡೆಯುತ್ತಿರುವ ಪ್ರದೇಶದಲ್ಲಿದ್ದವರಿಗೆ ಮಾತ್ರ ಕಾಣುವಂತೆ ಮಾಡಿತು. ಇಡೀ ಲೋಕಕ್ಕೆ ತೋರಿಸುವ ಶಕ್ತಿ ಇದ್ದವರು ಬೇಕೆಂದೇ ಬೇಲಿ ಹಾಕಿಕೊಂಡಿದ್ದು ನನಗೆ ಹಿಡಿಸಿತು. 2023ರಲ್ಲಿ ನಮ್ಮ ಮೊಬೈಲುಗಳೂ ಒಂದು ದಿನ ಇದ್ದಕ್ಕಿದ್ದಂತೆ ಕಿರುಚಿದವು, ನೆನಪಿರಬಹುದು. ವಿಪತ್ತಿನ ಎಚ್ಚರಿಕೆಯ ಪರೀಕ್ಷೆ ಅದು, ಇಂತಿಷ್ಟು ಟವರುಗಳ ವ್ಯಾಪ್ತಿಗೆ ಎಂದು ಕಳುಹಿಸಬಹುದಾದ ವ್ಯವಸ್ಥೆ. ಮಳೆಗಾಗಿ, ಪ್ರವಾಹಕ್ಕಾಗಿ ಕೂಗುವ ಯಂತ್ರ ಕಾಣೆಯಾದ ಮಗುವಿಗಾಗಿಯೂ ಕೂಗಬಹುದಲ್ಲ ಎಂದು ಅಂದು ಅಂಗಡಿಯಲ್ಲಿ ಕುಳಿತು ಯೋಚಿಸಿದ್ದೆ.

ರೈಟರ ಕಥೆ ಹುಡುಗ ಸಿಕ್ಕಲ್ಲಿಗೆ ಮುಗಿಯಲಿಲ್ಲ. ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ, ತಂದೆಯ ಜೊತೆ ಮನೆಗೆ ಕಳುಹಿಸಿದರು. ನಾನು ಗುಂಪಿನಲ್ಲಿ 'ಸಿಕ್ಕಿದ್ದಾನೆ, ಎಲ್ಲರಿಗೂ ಧನ್ಯವಾದ' ಎಂದು ಹಾಕಿದೆ. ನೂರಾರು ಜನ ಹೆಬ್ಬೆರಳು ಎತ್ತಿದರು. ಫಾರ್ವರ್ಡ್ ಮಾಡಿದವರು ಎಷ್ಟು ಜನರೋ! ಕಾಣೆಯಾದ ಸುದ್ದಿಗೆ ಇರುವ ಕಾಲು ಸಿಕ್ಕ ಸುದ್ದಿಗೆ ಇಲ್ಲ.

ಹದಿನೈದು ದಿನ ಕಳೆದು ರೈಟರು ಮತ್ತೆ ಬಂದರು, ಬೇರೆ ಸಿಮ್ ಪಡೆಯಲು ಬೇಕಾದ ದಾಖಲೆಗಳ ಜೆರಾಕ್ಸ್‌ಗೆ. ಏಕೆಂದು ಕೇಳಿದೆ. ಹುಡುಗ ಕಾಣೆಯಾದ ರಾತ್ರಿಯೇ ಒಬ್ಬ ಹಿಂದಿಯಲ್ಲಿ ಫೋನ್ ಮಾಡಿ, ನಿಮ್ಮ ಮಗ ನಮ್ಮ ಹತ್ತಿರ ಇದ್ದಾನೆ, ಬಸ್ಸಿಗೆ ಹತ್ತಿಸುತ್ತೇವೆ, ಐದು ಸಾವಿರ ಹಾಕಿ ಎಂದಿದ್ದ. ಇವರ ಖಾತೆಯಲ್ಲಿ ಮೂರು ಸಾವಿರದ ಚಿಲ್ಲರೆ ಇತ್ತು. ಹಾಕಿದ್ದರು. ಆ ಮೇಲೆ ಅದೇ ಮನುಷ್ಯನಿಂದ ಮತ್ತೆ ಮತ್ತೆ ಕರೆ. ಹುಡುಗ ಸಿಕ್ಕ ಮೇಲೂ ಗುಜರಾತು, ಬಿಹಾರ, ಎಲ್ಲೆಲ್ಲಿಂದಲೋ ಕರೆ. ಕೆಲವರು ನಿಜವಾದ ಕಾಳಜಿಯಿಂದ ವಿಚಾರಿಸುವವರು, ಕೆಲವರು ಬೈಯುವವರು: ಮಕ್ಕಳನ್ನು ನೋಡಿಕೊಳ್ಳಲು ಬಾರದವನು ಎಂಥ ಅಪ್ಪ ಎಂದು. ಈ ಮನುಷ್ಯ ಪೊಲೀಸರಿಗೂ ನನಗೂ ಏನೂ ಹೇಳಿರಲಿಲ್ಲ. "ನೀವು ಒಳ್ಳೆಯದಕ್ಕೆ ಹಾಕಿದಿರಿ, ಅಣ್ಣ" ಎಂದರು. ಬೈದಿದ್ದರೆ ವಾಸಿಯಿತ್ತು. ಆ ಜೆರಾಕ್ಸಿಗೆ ದುಡ್ಡು ಬೇಡವೆಂದೆ. ಅವರು ನಾಲ್ಕು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು ಹೋದರು.

ಸಂದೇಶವನ್ನು ಕೂಗಳತೆಯ ಆಚೆ ಬಿಟ್ಟರೆ ಏನಾಗುತ್ತದೆಂದು ತಿಳಿಯಲು ನಾನು ಅಷ್ಟು ಕಾಯಬೇಕಾಗಿರಲಿಲ್ಲ. ಹಿಂದಿನ ವರ್ಷವೇ ಕಂಡಿದ್ದೆ. 2018ರ ಬೇಸಗೆಯಲ್ಲಿ ಎಲ್ಲರ ಮೊಬೈಲಿಗೂ ಒಂದು ವಿಡಿಯೊ ಬಂದಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಿಜವಾದ ಅಪಹರಣವಲ್ಲ. ಕರಾಚಿಯ ರೋಷ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಯ ಅರಿವಿಗಾಗಿ ಮಾಡಿಸಿದ ಕಿರುಚಿತ್ರ. ಮೂಲದಲ್ಲಿ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತದೆ, ಒಬ್ಬ ಒಂದು ಫಲಕ ಎತ್ತಿ ಹಿಡಿಯುತ್ತಾನೆ: ಕರಾಚಿಯ ಬೀದಿಯಿಂದ ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂದು. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಮಕ್ಕಳನ್ನು ಕಾಪಾಡಲೆಂದೇ ತೆಗೆದ ಚಿತ್ರ ಊರೂರಲ್ಲಿ ಜನರನ್ನು ಕೊಲ್ಲಿಸಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಸತ್ತ. ಅವನ ಜೊತೆಗಿದ್ದವರು ಮಾಡಿದ ತಪ್ಪು, ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಆ ಪ್ರಕರಣದಲ್ಲಿ ವಾಟ್ಸ್‌ಆಪ್ ಗುಂಪಿನ ಅಡ್ಮಿನ್ ಒಬ್ಬನನ್ನೂ ಬಂಧಿಸಿದರು ಎಂದು ಓದಿದ ದಿನ ನಾನು ಊಟ ಬಿಟ್ಟು ನನ್ನ ಗುಂಪಿನ ಮೂರು ತಿಂಗಳ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತಾ ಕುಳಿತಿದ್ದೆ. ಆ ವಿಡಿಯೊ ನಮ್ಮಲ್ಲೂ ಇತ್ತು. ಒಂದಲ್ಲ, ಏಳು ಸಲ. ಹಾಕಿದವರಲ್ಲಿ ನನ್ನ ಸ್ವಂತ ಅತ್ತೆ ಒಬ್ಬರು.

ಅದೇ 2018ರ ಜೂನ್ ತಿಂಗಳಲ್ಲಿ ನಮ್ಮ ಅಂಗಡಿಯೆದುರು ಕಂಬಳಿ ಮಾರುವವನೊಬ್ಬನನ್ನು ಹತ್ತು ಹನ್ನೆರಡು ಜನ ಸುತ್ತುಗಟ್ಟಿದ್ದರು. ವರ್ಷ ವರ್ಷ ಮಳೆಗಾಲಕ್ಕೆ ಬರುವವನೇ. ಆಧಾರ್ ತೋರಿಸು ಎಂದರು, ತೋರಿಸಿದ. ಅದು ನಕಲಿ ಎಂದರು. ನಾನು ಹೊರಗೆ ಬಂದು, "ಇವನ ಆಧಾರನ್ನು ಹೋದ ವರ್ಷ ನಾನೇ ಲ್ಯಾಮಿನೇಷನ್ ಮಾಡಿಕೊಟ್ಟಿದ್ದೇನೆ" ಎಂದೆ. ಅದು ಸುಳ್ಳು. ಆದರೆ ಗುಂಪು ಸಡಿಲವಾಯಿತು. ಆ ಮನುಷ್ಯ ಕಂಬಳಿಯ ಗಂಟನ್ನು ಎತ್ತಿಕೊಳ್ಳಲು ಮೂರು ಸಲ ಪ್ರಯತ್ನಿಸಿದ, ಕೈಯಲ್ಲಿ ಹಿಡಿತವೇ ಇರಲಿಲ್ಲ. ಮತ್ತೆ ಯಾವ ಮಳೆಗಾಲದಲ್ಲೂ ಅವನು ಈ ಕಡೆ ಬಂದಿಲ್ಲ.

ಆ ಜುಲೈಯಲ್ಲೇ ವಾಟ್ಸ್‌ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಸುತ್ತಾಡಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದು ಇನ್ನಷ್ಟು ಬಿಗಿ ಮಾಡಿತು. "ಮಗು ಕಾಣೆಯಾದಾಗಲೂ ಇದೇ ಅಡ್ಡ ಬರುತ್ತದೆ" ಎಂದು ಗೊಣಗುವವರು ನಮ್ಮ ಗುಂಪಿನಲ್ಲಿದ್ದಾರೆ. ಬರಲಿ ಬಿಡಿ. ಐದು ಕಡೆ ಎಂದಾಗ ಮನುಷ್ಯ ಯಾವ ಐದು ಎಂದು ಒಂದು ಗಳಿಗೆಯಾದರೂ ಯೋಚಿಸುತ್ತಾನೆ. ಇಕ್ಕ ಕಳುಹಿಸಿದ್ದು ಎರಡೇ ಕಡೆಗೆ.

2018ರ ಆಗಸ್ಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಡ್ಡ ಕುಸಿದು, ಕರೆಂಟು ಹೋಗಿ, ಟವರುಗಳು ಸತ್ತು, ಬೆಂಗಳೂರಿನಲ್ಲಿದ್ದ ಮಕ್ಕಳು ಇಲ್ಲಿದ್ದ ಅಪ್ಪ ಅಮ್ಮಂದಿರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದ ದಿನಗಳವು. ಪರಿಹಾರ ಕೇಂದ್ರದ ಚಾಪೆಯ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದ ಮಕ್ಕಳ ಫೋಟೊ 'ಕಾಣೆಯಾಗಿದ್ದಾರೆ' ಎಂದು ಸುತ್ತುತ್ತಿತ್ತು. ಕೇಂದ್ರದಲ್ಲಿದ್ದವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆ ಹಾಳೆಯ ಫೋಟೊ ತೆಗೆದು ದಿನಾಂಕದ ಜೊತೆ ಹಾಕಿದ ಶಿಕ್ಷಕಿಯೊಬ್ಬರ ಒಂದು ಸಂದೇಶ ಆ ವಾರ ನಾನು ಕಂಡದ್ದರಲ್ಲೆಲ್ಲ ಉಪಯುಕ್ತ.

ಇನ್ನೊಂದು ಬಗೆಯ ಫೋಟೊ ಬರುತ್ತದೆ: 'ಈ ಮಗು ಸಿಕ್ಕಿದೆ, ಪೋಷಕರಿಗೆ ತಲುಪುವವರೆಗೆ ಶೇರ್ ಮಾಡಿ.' ಇದು ಮೊದಲಿನದಕ್ಕಿಂತ ಪುಣ್ಯದ ಕೆಲಸವೆಂದು ನಮಗೆಲ್ಲ ಅನಿಸುತ್ತದೆ. ನನಗೂ ಅನಿಸಿತ್ತು, ಮಡಿಕೇರಿಯಲ್ಲಿ ಒಂದು ತರಬೇತಿಗೆ ಹೋಗುವವರೆಗೆ. ಅಲ್ಲಿ ಮಾತನಾಡಿದ ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು: "ಆ ಮಗು ಮನೆಯಿಂದ ಏಕೆ ಓಡಿತು ಎಂದು ನಿಮಗೆ ಗೊತ್ತೇ?" ಯಾರ ಕೈಯಿಂದ ತಪ್ಪಿಸಿಕೊಂಡು ಬಂತೋ ಅವನಿಗೇ ನಾವು ವಿಳಾಸ ಕೊಡುತ್ತಿರಬಹುದು. ನಾನೇ ಅಪ್ಪ ಎಂದು ಯಾರು ಬೇಕಾದರೂ ಬರಬಹುದು. ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ 1098ಕ್ಕೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಅದೇ ಕಾಯ್ದೆಯ 74ನೇ ಕಲಂ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಹೊರಗೆಡಹುವುದನ್ನು ತಡೆಯುತ್ತದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹುಡುಕುವಾಗ ಮುಖ ತೋರಿಸದೆ ವಿಧಿಯಿಲ್ಲ, ಸಿಕ್ಕ ಗಳಿಗೆಯಿಂದ ಅದೇ ಮುಖ ಮುಚ್ಚಬೇಕು. ನಮ್ಮ ಬೆರಳಿಗೆ ಮೊದಲರ್ಧ ಮಾತ್ರ ಅಭ್ಯಾಸವಾಗಿದೆ.

ಫೋಟೊ ಇಲ್ಲದ ಮಕ್ಕಳೂ ಇದ್ದಾರೆ. ಮೂರು ವರ್ಷದ ಹಿಂದಿನ ಜನವರಿ, ಕಾಫಿ ಕೊಯ್ಲಿನ ಕಾಲ. ತೋಟವೊಂದರ ಮೇಸ್ತ್ರಿ ನಾಲ್ಕೂವರೆಗೆ ಫೋನ್ ಮಾಡಿದರು. ಅಸ್ಸಾಮಿನಿಂದ ಬಂದ ದಂಪತಿಯ ಮೂರು ವರ್ಷದ ಹೆಣ್ಣುಮಗು ಕಾಣುತ್ತಿಲ್ಲ, ಗುಂಪಿಗೆ ಹಾಕಿ ಎಂದು. ಫೋಟೊ ಕಳುಹಿಸಿ ಎಂದೆ. ಇಲ್ಲ ಎಂದರು. ಆಧಾರ್? ಅದೂ ಇಲ್ಲ. ತಾಯಿಯ ಹತ್ತಿರ ಇದ್ದದ್ದು ಗುಂಡಿಯೊತ್ತುವ ಮೊಬೈಲು. 2018ರಲ್ಲಿ ದೆಹಲಿ ಪೊಲೀಸರು ಮುಖ ಗುರುತಿಸುವ ತಂತ್ರಾಂಶದಿಂದ ನಾಲ್ಕು ದಿನಗಳಲ್ಲಿ ಸುಮಾರು 3,000 ಕಾಣೆಯಾದ ಮಕ್ಕಳ ಗುರುತು ಹಚ್ಚಿದರೆಂಬ ಸುದ್ದಿಯನ್ನು ನಾನೇ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಹೋಲಿಸಲು ಮೊದಲು ಒಂದು ಮುಖ ಎಲ್ಲಾದರೂ ದಾಖಲಾಗಿರಬೇಕಲ್ಲ. ತೋಟದ ಕೂಲಿಯವರ ಲೈನ್ ಮನೆಯ ಈ ಮಗು ನಮ್ಮ ಮೊಬೈಲುಗಳ ಲೋಕದಲ್ಲಿ ಕಾಣೆಯಾಗುವುದಕ್ಕೂ ಮೊದಲೇ ಇರಲಿಲ್ಲ.

ಬೈಕ್ ಹತ್ತಿ ನಾನೇ ಹೋದೆ. ತೋಟದಲ್ಲಿ ಮಗು ಕಾಣದಿದ್ದರೆ ಎಲ್ಲರೂ ಮೊದಲು ಓಡುವುದು ಕೆರೆಗೆ. ಹೋಗಿ ನೋಡಿ ಬಂದಿದ್ದರು, ನೀರು ಕದಡಿರಲಿಲ್ಲ. ಕತ್ತಲಾದರೆ ಆನೆ ಇಳಿಯುವ ಜಾಗ. ಮೂವತ್ತು ನಲವತ್ತು ಜನ ಸಾಲಾಗಿ ಗಿಡಗಳ ನಡುವೆ ಕೂಗುತ್ತಾ ನಡೆಯುತ್ತಿದ್ದರು, ಟಾರ್ಚು, ಶಿಳ್ಳೆ, ನಾಯಿ. ಯರವ ಬುಡಕಟ್ಟಿನ ಮುದುಕಿಯೊಬ್ಬಳು ಎಲ್ಲರ ಎದುರು ಬಂದು ಕೈ ಅಡ್ಡ ಹಿಡಿದಳು. ಇಷ್ಟು ಜನ ಬೊಬ್ಬೆ ಹೊಡೆದರೆ ಮಗು ಹೆದರಿ ಇನ್ನಷ್ಟು ಅಡಗುತ್ತದೆ, ಎಲ್ಲರೂ ಸುಮ್ಮನಿರಿ, ತಾಯಿ ಒಬ್ಬಳೇ ಕರೆಯಲಿ ಎಂದಳು. ಸುಮ್ಮನಾದೆವು. ಆ ಹೆಂಗಸು ನಮಗೆ ಯಾರಿಗೂ ಬಾರದ ಭಾಷೆಯಲ್ಲಿ, ಕೂಗಿಗಿಂತ ತಗ್ಗಿದ ದನಿಯಲ್ಲಿ, ಊಟಕ್ಕೆ ಕರೆಯುವ ಹಾಗೆ ಕರೆಯುತ್ತಾ ನಡೆದಳು. ಕಣದ ಹತ್ತಿರ ಹೋದಾಗ ರಾಶಿಗೆ ಮುಚ್ಚಿದ್ದ ಟಾರ್ಪಾಲಿನ ಒಂದು ಮೂಲೆ ಅಲ್ಲಾಡಿತು. ಬಿಸಿಲಿಗೆ ಕಾದ ಕಾಫಿಯ ಬಿಸುಪಿಗೆ ಒಳಗೆ ಹೊಕ್ಕು ಮಲಗಿದ್ದ ಮಗು, ಕೆನ್ನೆಯ ಮೇಲೆ ಚೆರ್ರಿ ಕಾಫಿಯ ಅಚ್ಚು ಒತ್ತಿಕೊಂಡು ಎದ್ದು ಬಂತು. ಅಷ್ಟು ಹೊತ್ತು ನನ್ನ ಜೇಬಿನಲ್ಲಿ ಮೊಬೈಲು ಗುಂಯ್‌ಗುಡುತ್ತಲೇ ಇತ್ತು. ಗುಂಪಿನಲ್ಲಿ ಯಾರೋ ಮಗುವಿನ ಫೋಟೊ ಕೇಳುತ್ತಿದ್ದರು. ಇನ್ನೊಬ್ಬರು ಯಾವುದೋ ಬೇರೆ ಮಗುವಿನ ಫೋಟೊ ಹಾಕಿ 'ಇದೇನಾ' ಎಂದು ಕೇಳಿದ್ದರು. ನಾನು ಬೇಡವೆನ್ನುವಷ್ಟರಲ್ಲಿ ಅದು ವಿರಾಜಪೇಟೆ ತಲುಪಿತ್ತು.

ಈಗ ನಾನು ಪೋಸ್ಟರು ಮಾಡುವ ರೀತಿ ಬದಲಾಗಿದೆ. ಗುರುತಿನ ಗಾಯ, ಮಚ್ಚೆ, ನಡೆಯುವ ರೀತಿ ಇವುಗಳನ್ನು ಕೇಳದೆ ಕಂಪ್ಯೂಟರ್ ಮುಟ್ಟುವುದಿಲ್ಲ. ದಿನಾಂಕವನ್ನೂ ಗಂಟೆಯನ್ನೂ ಫೋಟೊದ ಮೇಲೆಯೇ, ಕತ್ತರಿಸಲಾಗದಂತೆ ಹಣೆಯ ಪಕ್ಕದಲ್ಲೇ ಬರೆಯುತ್ತೇನೆ. ಸಂದೇಶದ ಕೆಳಗೆ ಬರೆದದ್ದು ಎರಡನೆಯ ಫಾರ್ವರ್ಡಿಗೇ ಉದುರಿಹೋಗುತ್ತದೆ. ಮನೆಯವರ ಸಂಖ್ಯೆ ಹಾಕುವುದಿಲ್ಲ, ಠಾಣೆಯದು ಮತ್ತು 1098 ಮಾತ್ರ. ಮಲಯಾಳದ ಪ್ರತಿಯನ್ನು ಇಕ್ಕನ ಮಗಳು ಬರೆದುಕೊಡುತ್ತಾಳೆ. ಅದು ಹೋಗುವುದು ಕೇರಳ ಗಡಿಯ ಕುಟ್ಟ, ಮಾಕುಟ್ಟ, ಕರಿಕೆಯ ಕಡೆಯ ಬಸ್ ನಿರ್ವಾಹಕರಿಗೆ, ಆಟೊದವರಿಗೆ, ಹೋಟೆಲಿನವರಿಗೆ. ಫೇಸ್‌ಬುಕ್ಕಿನಲ್ಲಾದರೆ ಮೂಲ ಪೋಸ್ಟನ್ನೇ ಹಂಚಿ, ಫೋಟೊ ಇಳಿಸಿಕೊಂಡು ಮತ್ತೆ ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮೂಲ ಅಳಿಸಿದರೆ ಹಂಚಿದ್ದೂ ಅಳಿಯುತ್ತದೆ. ವಾಟ್ಸ್‌ಆಪ್‌ನಲ್ಲಿ ಆ ಸೌಲಭ್ಯವಿಲ್ಲ. ನಾನು ಹಾಕಿದ್ದನ್ನು ಎರಡೂವರೆ ದಿನದೊಳಗೆ ನಾನು ಅಳಿಸಬಹುದು, ಅಷ್ಟೇ. ಕೈ ಬದಲಿಸಿದ್ದಕ್ಕೆ ಯಾರೂ ವಾರಸುದಾರರಲ್ಲ. ಭಾವನಿಗೆ ಕಳುಹಿಸುವುದನ್ನು ನಿಲ್ಲಿಸಿದ್ದೇನೆ. ಬೇಸರ ಮಾಡಿಕೊಂಡಿದ್ದಾನೆ.

ಇಷ್ಟೆಲ್ಲ ಬರೆಯಲು ಕಾರಣ, ಕಳೆದ ತಿಂಗಳು ಆ ರೈಟರ ಮಗ ಅಂಗಡಿಗೆ ಬಂದದ್ದು. ಗುರುತೇ ಸಿಗಲಿಲ್ಲ. ಮೀಸೆ ಬಂದಿದೆ, ಪಿಕಪ್ ಓಡಿಸುತ್ತಾನಂತೆ. ಬೆರಳು ಹುಬ್ಬಿನ ಮೇಲೆ ಆಡಿಸಿದಾಗ ಗೊತ್ತಾಯಿತು.

"ಅಂಕಲ್, ಆ ಫೋಟೊ ಈಗಲೂ ಬರುತ್ತದೆ" ಎಂದ.

ಹುಣಸೂರಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಅವನನ್ನು ದಿಟ್ಟಿಸಿ ನೋಡಿ, ಮೊಬೈಲು ನೋಡಿ, ಮತ್ತೆ ಅವನನ್ನು ನೋಡಿದನಂತೆ. ಮದುವೆಗೆ ಹೆಣ್ಣು ನೋಡುತ್ತಿರುವ ಅಣ್ಣನಿಗೆ ಆ ಕಡೆಯವರು, ನಿಮ್ಮ ಮನೆಯ ಹುಡುಗ ಒಬ್ಬ ಕಾಣೆಯಾಗಿದ್ದಾನಂತೆ ಎಂದು ಕೇಳಿದರಂತೆ. ಯಾವ ಕಾರಣಕ್ಕೆ ಓಡಿಹೋಗಿದ್ದೆ ಎಂದು ನಾನು ಈವರೆಗೂ ಕೇಳಿಲ್ಲ, ಆಗಲೂ ಕೇಳಲಿಲ್ಲ. ಅವನೇ ಮೊಬೈಲು ತೆಗೆದು ತೋರಿಸಿದ. ಚಾಲಕರ ಗುಂಪೊಂದರಲ್ಲಿ ಅದೇ ಕೋಟು, ಅದೇ ಓರೆ ಟೈ. 'ನಿನ್ನೆ ಸಂಜೆಯಿಂದ ಕಾಣೆ.' ಅದರ ಕೆಳಗೆ ಇವನೇ ಬರೆದಿದ್ದ: 'ಅದು ನಾನು. ನಾನು ಸಿಕ್ಕಿದ್ದೇನೆ. 2019ರಲ್ಲೇ.' ಅದರ ಕೆಳಗೆ ಒಬ್ಬರು: 'ಮಗು ಬೇಗ ಸಿಗಲಿ ಎಂದು ಕಾವೇರಮ್ಮನಲ್ಲಿ ಪ್ರಾರ್ಥನೆ.' ಇನ್ನೊಬ್ಬರು ಕೈಮುಗಿದಿದ್ದರು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಅವನು ಬಂದಿದ್ದುದು ಲೈಸೆನ್ಸಿನ ಜೆರಾಕ್ಸಿಗೆ, ಜೊತೆಗೆ ಎಂಟು ಪಾಸ್‌ಪೋರ್ಟ್ ಅಳತೆಯ ಫೋಟೊಗೆ. ಬಿಳಿ ಪರದೆಯ ಮುಂದೆ ಕೂರಿಸಿದೆ. ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿರುವ ಕೋಟನ್ನು ಅಭ್ಯಾಸಬಲದಿಂದ ಕೈಗೆತ್ತಿಕೊಂಡೆ. ಅವನು ಬೇಡವೆಂದು ತಲೆಯಾಡಿಸಿದ. ಅಂಗಿಯಲ್ಲೇ ತೆಗೆದೆ. ಫೋಟೊ ಕತ್ತರಿಸಿ ಲಕೋಟೆಗೆ ಹಾಕಿ ಕೊಟ್ಟ ಮೇಲೂ ಅವನು ಹೊರಡಲಿಲ್ಲ.

"ಕಂಪ್ಯೂಟರಿನಲ್ಲಿರುವುದನ್ನು ಅಳಿಸುತ್ತೀರಾ ಅಂಕಲ್? ಹಳೆಯದನ್ನೂ."

'ಕಾಣೆಯಾಗಿದ್ದಾರೆ' ಕಡತ ತೆರೆದೆ, ಅವನ ಹಾಳೆ ಹುಡುಕಿದೆ, ಅಳಿಸಿದೆ. ಈಗ ತೆಗೆದ ಫೋಟೊವನ್ನೂ ಅಳಿಸಿದೆ. ಅವನು ಮೇಜಿನ ಈಚೆಗೆ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡುತ್ತಿದ್ದ.

"ಕಸದ ಬುಟ್ಟಿಯಲ್ಲಿ ಇನ್ನೂ ಇರುತ್ತದಲ್ಲ" ಎಂದ.

ಅದನ್ನೂ ಖಾಲಿ ಮಾಡಿದೆ. ಆಮೇಲೆ ಅವನು ದುಡ್ಡು ಎಣಿಸಿದ.